ಅರ್ಜೆಂಟಿನವರ ಬೆಂಚು

ಗೌರಿ ಹಬ್ಬ ಹತ್ತಿರ ಬಂತು ಅಂದರೆ ನಮ್ಮ ಪೇಟೆಯ ಟೈಲರ್‌ಗೆ ಉಸಿರಾಡಲೂ ಪುರುಸೊತ್ತಿಲ್ಲ. ಬಂದವರೆಲ್ಲರ ರವಿಕೆಯೂ ಅರ್ಜೆಂಟು. ಅಂಥ ಹೊತ್ತಿನಲ್ಲಿ ಪುರಸಭೆ ಅಧ್ಯಕ್ಷರ ಹೆಂಡತಿ ಸರ್ವಮಂಗಳಮ್ಮ ಬಂದು, "ಉಳಿದಿದ್ದೆಲ್ಲ ಬದಿಗಿಡು. ನನ್ನದು ಮೊದಲು" ಅಂದರು.

ಟೈಲರ್ ಕೈಮುಗಿದ. "ಆಗಲಿ ಅಮ್ಮಾವ್ರೇ. ಅರ್ಜೆಂಟಿನವರೆಲ್ಲ ಈ ಬೆಂಚಿನ ಮೇಲೆ ಕೂತ್ಕೊಳ್ಳಿ. ಹೊಲಿಗೆ ನಾನು ಹಾಕ್ತೀನಿ, ಹುಕ್ಕು ನೀವೇ ಹಾಕ್ಕೊಂಡು ಹೋಗಿ."

ಒಬ್ಬರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಇನ್ನೊಬ್ಬರು, "ನನ್ನದು ಹಬ್ಬ ಕಳೆದ ಮೇಲಾದರೂ ನಡೆಯುತ್ತೆ" ಅಂತ ಎದ್ದರು. ನೋಡನೋಡುತ್ತ ಅಂಗಡಿ ಖಾಲಿ. ಬೆಂಚಿನ ಮೇಲೆ ಉಳಿದವರು ಸರ್ವಮಂಗಳಮ್ಮ, ಪಕ್ಕದಲ್ಲಿ ಆಗಲೇ ಸೂಜಿಗೆ ದಾರ ಪೋಣಿಸುತ್ತಿದ್ದ ಒಬ್ಬ ಹುಡುಗಿ.

"ನಿನಗೇನೇ ಅಷ್ಟು ಅವಸರ?"

"ನಾಳೆ ನನ್ನ ನೋಡೋಕೆ ಗಂಡಿನ ಕಡೆಯವರು ಬರ್ತಿದ್ದಾರೆ, ಅಮ್ಮ."

ಸರ್ವಮಂಗಳಮ್ಮ ಟೈಲರ್ ಕಡೆ ದುರುಗುಟ್ಟಿ ನೋಡಿದರು. "ಈ ಮಗು ಕೈಲಿ ಹುಕ್ಕು ಹಾಕಿಸ್ತೀಯೇನಯ್ಯಾ? ನಾಳೆ ಸೂಜಿ ಚುಚ್ಚಿದ ಬೆರಳಲ್ಲಿ ಕಾಫಿ ಕೊಡಬೇಕಾ ಅವಳು? ಮೊದಲು ಇವಳದು ಹೊಲಿ." ಹುಡುಗಿಯ ಕೈಯಿಂದ ಸೂಜಿ ಕಿತ್ತುಕೊಂಡರು. "ಹುಕ್ಕು ನಾನು ಹಾಕ್ತೀನಿ."

"ಮತ್ತೆ ನಿಮ್ಮದು, ಅಮ್ಮಾವ್ರೇ?"

"ನನಗೇನಯ್ಯಾ ಅವಸರ? ನನ್ನ ನೋಡೋಕೆ ಬಂದವರು ಮೂವತ್ತು ವರ್ಷದಿಂದ ಮನೇಲೇ ಕೂತಿದ್ದಾರೆ."