ಗಂಟು ಕಟ್ಟಿದ ಕಣಗಳು

ಹಾಸ್ಟೆಲಿನ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಗೋಡೆಯ ಬುಡದಲ್ಲಿ, ಗ್ಯಾಸ್ ಸೋರಿದರೆ ಕೂಗುವ ಎರಡು ಪೆಟ್ಟಿಗೆಗಳಿದ್ದವು. ಎರಡರೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ತವರದ ಆಕ್ಸೈಡ್ ಕಣಗಳಿದ್ದವು. ಗ್ಯಾಸ್ ಮೈಗೆ ತಾಗಿದೊಡನೆ ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ.

ಹಳೆಯ ಪೆಟ್ಟಿಗೆಯ ಕಣಗಳು ಒಂದನ್ನೊಂದು ಬಿಗಿಯಾಗಿ ತಬ್ಬಿಕೊಂಡಿದ್ದವು. ಹೊಸ ಪೆಟ್ಟಿಗೆಯವು ಬರೀ ಕೈ ಕೈ ಹಿಡಿದು, ನಡುವೆ ಗಾಳಿಗೆ ದಾರಿ ಬಿಟ್ಟು ನಿಂತಿದ್ದವು.

"ಎಷ್ಟು ಸಡಿಲ ನಿಮ್ಮ ಸಂಸಾರ! ಒಗ್ಗಟ್ಟಿನಲ್ಲಿ ಬಲವಿದೆ ಎಂಬ ಮಾತು ಕೇಳಿಲ್ಲವೇ?" ಎಂದು ಹಳೆಯವು ಹೀಯಾಳಿಸಿದವು.

"ಕೇಳಿದ್ದೇವೆ. ನಮಗೆ ಬಲದ ಜೊತೆ ಮೂಗೂ ಬೇಕು," ಎಂದವು ಹೊಸವು.

ಒಂದು ಬೆಳಿಗ್ಗೆ ಒಲೆಯ ಪೈಪು ಸೀಳಿ ಗ್ಯಾಸ್ ನೆಲದ ಮೇಲೆ ಹರಡಿತು. ಹಳೆಯ ಪೆಟ್ಟಿಗೆಯಲ್ಲಿ ಅಂಚಿನ ನಾಲ್ಕು ಕಣಗಳು "ಬಂತು, ಬಂತು!" ಎಂದವು. "ನಮಗೇನೂ ತಾಗಿಲ್ಲ, ಸುಮ್ಮನಿರಿ," ಎಂದು ಒಳಗಿನ ಸಾವಿರ ಕಣಗಳು ಗದರಿದವು. ಹೊಸ ಪೆಟ್ಟಿಗೆಯಲ್ಲಿ ಗ್ಯಾಸ್ ಎಲ್ಲ ಕಣಗಳಿಗೂ ಒಟ್ಟಿಗೇ ತಾಗಿತು; ಪೆಟ್ಟಿಗೆ ಕಿರುಚಿಕೊಂಡಿತು. ಕಡ್ಡಿ ಗೀರಲಿದ್ದ ಅಡುಗೆಯ ರುದ್ರಮ್ಮ ಬೆಂಕಿಪೊಟ್ಟಣ ಕೆಳಗಿಟ್ಟು, ಓಡಿಹೋಗಿ ಸಿಲಿಂಡರ್ ಬಂದ್ ಮಾಡಿದಳು.

ಪೈಪು ಬದಲಾದ ಮೇಲೆ, ಮಧ್ಯಾಹ್ನ, ಆಕೆ ರಾಗಿಮುದ್ದೆ ತಿರುವುತ್ತಿದ್ದಳು. ಕೋಲಿಗೊಂದು ಗಂಟು ಸಿಕ್ಕಿತು. ಒಡೆದು ನೋಡಿದರೆ ಒಳಗೆ ಒಣ ಹಿಟ್ಟು.

"ಕುದಿಯೋ ನೀರೊಳಗೇ ಕೂತು ನೀರೇ ಕಾಣ್ಲಿಲ್ವಲ್ಲ ನೀನು!" ಎಂದು ಗಟ್ಟಿಯಾಗಿ ಬೈದಳು.

ಹಳೆಯ ಪೆಟ್ಟಿಗೆಯಲ್ಲಿ ಆ ಮಾತು ಅಂಚಿನ ನಾಲ್ಕು ಕಣಗಳಿಗೆ ಮಾತ್ರ ಕೇಳಿಸಿತು.