ತಲೆ ಬಗ್ಗಿಸಿದ್ದವನು ಕಂಡದ್ದು

"ಗುರುಗಳೇ, ಎರಡು ವಿಮಾನಗಳು ಆಕಾಶದಲ್ಲೇ ಢಿಕ್ಕಿ ಹೊಡೆದವಂತೆ. ಮಂಜು ಕವಿದಿತ್ತು ಎಂದು ಒಬ್ಬರು ಹೇಳುತ್ತಾರೆ. ಕೆಳಗಿನಿಂದ ದಾರಿ ಹೇಳುವವನು ಮೈಮರೆತಿದ್ದ ಎಂದು ಇನ್ನೊಬ್ಬರು. ಚಾಲಕ ಬೇಕೆಂದೇ ಮಾಡಿದ ಎನ್ನುವವರೂ ಇದ್ದಾರೆ. ಇದರಲ್ಲಿ ಯಾವುದನ್ನು ನಂಬಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಮೊರವನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಭರಮಗೌಡ ಎಂಬ ರೈತನಿದ್ದ. ಊರಿನಿಂದ ನಾಲ್ಕು ಹರದಾರಿಯಲ್ಲಿ ವಿಮಾನ ನಡೆಸಲು ಕಲಿಸುವ ಶಾಲೆಯೊಂದಿತ್ತು. ಸಣ್ಣ ಸಣ್ಣ ವಿಮಾನಗಳು ದಿನವೂ ಅವನ ಹೊಲದ ಮೇಲೆ ಸುತ್ತುತ್ತಿದ್ದವು. ಮೊದಮೊದಲು ತಲೆ ಎತ್ತಿ ನೋಡುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ.

ಒಂದು ಬೆಳಿಗ್ಗೆ ಅವನು ಶೇಂಗಾ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದ. ಮೇಲೆ ದೊಡ್ಡ ಸದ್ದಾಯಿತು. ತಲೆ ಎತ್ತಿದಾಗ ಹೊಗೆ ಕಂಡಿತು, ಬೀಳುತ್ತಿರುವ ಚೂರುಗಳು ಕಂಡವು. ಒಂದು ವಿಮಾನ ಹಳ್ಳದ ಆಚೆ ಬಿತ್ತು; ಅದರಲ್ಲಿದ್ದ ಹುಡುಗ ಉಳಿಯಲಿಲ್ಲ. ಇನ್ನೊಂದು, ಬದಿಗೆ ಕೆಂಪು ಪಟ್ಟಿ ಬಳಿದದ್ದು, ಅವನ ಹೊಲದಲ್ಲೇ ಬಿತ್ತು. ಅವನು ಓಡಿದ. ಅದರಲ್ಲಿ ಒಬ್ಬಳೇ ಹುಡುಗಿ ಇದ್ದಳು. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಅವಳ ಮುಖಕ್ಕೆ ಹೊದಿಸಿದ. ಪೊಲೀಸರು ಬರುವವರೆಗೆ ಅವಳ ಪಕ್ಕದಲ್ಲೇ ಕುಳಿತಿದ್ದ.

"ಏನು ಕಂಡಿರಿ?" ಎಂದು ಪೊಲೀಸರು ಕೇಳಿದರು.

"ಬಗ್ಗಿದ್ದೆ ಸ್ವಾಮಿ. ಸದ್ದು ಕೇಳಿ ತಲೆ ಎತ್ತಿದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು."

ಅವರು ಅದನ್ನು ಬರೆದುಕೊಂಡು ಸಹಿ ಹಾಕಿಸಿಕೊಂಡರು.

ಮಾರನೆಯ ದಿನ ಸುತ್ತಲಿನ ಊರುಗಳ ಜನ ಬಂದರು. ಚಹಾ ಅಂಗಡಿಯ ಮುಂದೆ ನಿಲ್ಲಲು ಜಾಗವಿರಲಿಲ್ಲ. ಸೂರ್ಯ ಕಣ್ಣಿಗೆ ಹೊಡೆದಿರಬೇಕು ಎಂದು ಒಬ್ಬ ಹೇಳಿದ. ಹದ್ದು ಅಡ್ಡ ಬಂದಿರಬೇಕು ಎಂದ ಮತ್ತೊಬ್ಬ. ಹೆಣ್ಣುಮಕ್ಕಳ ಕೈಗೆ ಇಂಥದ್ದನ್ನು ಕೊಟ್ಟರೆ ಇನ್ನೇನಾಗುತ್ತದೆ ಎಂದು ಮೂರನೆಯವನು ನಕ್ಕ. ಎಲ್ಲರೂ ಕೊನೆಗೆ ಭರಮಗೌಡನ ಕಡೆ ತಿರುಗುತ್ತಿದ್ದರು. ಅವನು ಪೊಲೀಸರಿಗೆ ಹೇಳಿದ್ದನ್ನೇ ಹೇಳುತ್ತಿದ್ದ. ಕೇಳಿದವರ ಮುಖ ಸಪ್ಪಗಾಗುತ್ತಿತ್ತು. ಅವನ ಮಾತು ಮುಗಿಯುವ ಮೊದಲೇ ಬೇರೆಯವರ ಜೊತೆ ಮಾತಿಗೆ ನಿಲ್ಲುತ್ತಿದ್ದರು. ಅದು ಅವನಿಗೆ ಯಾಕೋ ಚುಚ್ಚಿತು. ಅರವತ್ತೆಂಟು ವರ್ಷದಲ್ಲಿ ಅವನ ಮಾತು ಕೇಳಲು ಇಷ್ಟು ಜನ ಬಂದದ್ದು ಅದೇ ಮೊದಲು.

ಮೂರನೆಯ ದಿನ ಟಿವಿಯವನೊಬ್ಬ ಬಂದ.

"ಯಜಮಾನರೇ, ಇಷ್ಟು ಹತ್ತಿರ ಇದ್ದವರು ನೀವೊಬ್ಬರೇ. ಚೂರಾದರೂ ಕಂಡಿರಬೇಕಲ್ಲ? ಕೆಂಪು ಪಟ್ಟಿಯದು ಇನ್ನೊಂದರ ಕಡೆಗೆ ತಿರುಗಿತೇ?"

ಭರಮಗೌಡ ಸುತ್ತಲೂ ನೋಡಿದ. ನೆರೆದ ಜನರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು.

"ತಿರುಗಿದ ಹಾಗಿತ್ತು," ಎಂದ.

ಟಿವಿಯಲ್ಲಿ ಬರುವ ಹೊತ್ತಿಗೆ 'ಹಾಗಿತ್ತು' ಎಂಬ ಮಾತು ಬಿದ್ದುಹೋಗಿತ್ತು. ಆಮೇಲೆ ಕೇಳಿದವರಿಗೆ ಅವನೂ ಅದನ್ನು ಬಿಟ್ಟೇ ಹೇಳಿದ. ತಿರುಗಿತು ಎಂದ. ಜೋರಾಗಿ ತಿರುಗಿತು ಎಂದ. ಜನ ಅವನಿಗೆ ಚಹಾ ಕುಡಿಸಿದರು. ಹತ್ತು ದಿನ ಕಳೆಯುವಷ್ಟರಲ್ಲಿ ಕಣ್ಣು ಮುಚ್ಚಿದರೆ ಅವನಿಗೇ ಕಾಣತೊಡಗಿತು: ಕೆಂಪು ಪಟ್ಟಿಯ ವಿಮಾನ ರೆಕ್ಕೆ ವಾಲಿಸಿ ಇನ್ನೊಂದರ ಮೇಲೆ ಹೋಗುತ್ತಿತ್ತು.

ಹುಡುಗಿ ತಾನೇ ತಿರುಗಿಸಿದಳು ಎಂದಮೇಲೆ ಯಾಕೆ ಎಂಬ ಪ್ರಶ್ನೆ ಎದ್ದಿತು. ಮನೆಯವರು ಮದುವೆಗೆ ಬಲವಂತ ಮಾಡಿದ್ದರಂತೆ ಎಂದು ಯಾರೋ ಹೇಳಿದರು. ಯಾರು ಹೇಳಿದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಫೋನಿನಲ್ಲೂ ಅದೇ ಓಡಾಡಿತು, ಅವಳ ಫೋಟೋದ ಸಮೇತ.

ಹದಿನಾಲ್ಕನೆಯ ದಿನ ಹುಡುಗಿಯ ತಂದೆ ಬಂದ. ಹೆಸರು ಫಕ್ಕೀರಪ್ಪ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ವಿಮಾನ ಬಿದ್ದ ಜಾಗವನ್ನು ನೋಡಿದ. ಸುಟ್ಟ ಮಣ್ಣನ್ನು ಮುಟ್ಟಿದ. ಆಮೇಲೆ ಭರಮಗೌಡನ ಮುಂದೆ ಬಂದು ನಿಂತ.

"ಅಣ್ಣಾ, ಜನ ನೂರು ಹೇಳುತ್ತಾರೆ. ಬಸ್ಸು ಓಡಿಸಿದವನು ನಾನು, ಅಂಥ ಮಾತು ಬಹಳ ಕೇಳಿದ್ದೇನೆ. ಆದರೆ ನೀವು ಕಣ್ಣಾರೆ ಕಂಡವರು. ಗಂಡು ನೋಡಿದ್ದು ನಿಜ. ಅವಳು ಬೇಡ ಎಂದಿದ್ದೂ ನಿಜ. ನಾವೇ ಸಾಯಿಸಿದೆವು ಎಂದು ಅವಳ ಅವ್ವ ಅನ್ನ ಬಿಟ್ಟು ಮಲಗಿದ್ದಾಳೆ. ಹೇಳಿ, ನನ್ನ ಮಗಳೇ ತಿರುಗಿಸಿದಳೇ?"

ಅವನ ಬೆನ್ನ ಹಿಂದೆ ಊರಿನವರು ಬಂದು ನಿಂತಿದ್ದರು. ಯಾರ ಮುಂದೆಲ್ಲ ಭರಮಗೌಡ ಹೇಳಿಕೊಂಡಿದ್ದನೋ ಅವರೆಲ್ಲ ಅಲ್ಲಿದ್ದರು. 'ನಾನು ಬಗ್ಗಿದ್ದೆ' ಎಂಬ ಮಾತು ಅವನ ನಾಲಿಗೆಯವರೆಗೆ ಬಂತು. ಜನರ ಮುಖ ನೋಡಿದ.

"ಹೌದು," ಎಂದ.

ಫಕ್ಕೀರಪ್ಪ ತಲೆಯಾಡಿಸಿದ. "ಅವಳ ಮುಖಕ್ಕೆ ಬಟ್ಟೆ ಹೊದಿಸಿದವರು ನೀವಂತೆ," ಎಂದು ಹೇಳಿ ಭರಮಗೌಡನ ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋದ.

ಅಂದಿನಿಂದ ಭರಮಗೌಡ ಚಹಾ ಅಂಗಡಿಯ ಕಡೆ ಹೋಗಲಿಲ್ಲ. ಉಂಡದ್ದು ಮೈಗೆ ಹತ್ತಲಿಲ್ಲ. ಹೆಂಡತಿ ಕೇಳಿದರೆ ಏನಿಲ್ಲ ಎನ್ನುತ್ತಿದ್ದ.

ಎಂಟು ತಿಂಗಳ ಮೇಲೆ ತನಿಖೆಯ ಅಧಿಕಾರಿಯೊಬ್ಬರು ಬಂದರು. "ನೀವು ಮೊದಲ ದಿನ ಹೇಳಿದ್ದು ಒಂದು, ಆಮೇಲೆ ಹೇಳಿದ್ದು ಇನ್ನೊಂದು. ಕೆಂಪು ಪಟ್ಟಿಯ ವಿಮಾನ ಕೊನೆಯವರೆಗೂ ನೇರವಾಗಿಯೇ ಹೋಗುತ್ತಿತ್ತು. ಅದರ ಯಂತ್ರದಲ್ಲೇ ದಾಖಲಾಗಿದೆ. ಹಾಗಾದರೆ ನೀವು ಕಂಡದ್ದೇನು?" ಎಂದು ಕೇಳಿದರು.

"ಏನೂ ಕಂಡಿಲ್ಲ ಸ್ವಾಮಿ," ಎಂದ ಭರಮಗೌಡ. ಅವರು ಹೋದ ಕೂಡಲೇ ಅಂಗಿ ಹಾಕಿಕೊಂಡು ಫಕ್ಕೀರಪ್ಪನ ಊರಿಗೆ ಬಸ್ಸು ಹತ್ತಿದ.

ಫಕ್ಕೀರಪ್ಪನೇ ಬಾಗಿಲು ತೆರೆದ. ಗುರುತು ಹಿಡಿದು ಒಳಗೆ ಕರೆದ. ಗೋಡೆಯ ಮೇಲೆ ಮಗಳ ಫೋಟೋ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಫೋಟೋ ಇತ್ತು. ಎರಡಕ್ಕೂ ಹಾರ ಹಾಕಿತ್ತು.

"ದಸರೆಗೆ ಮೊದಲೇ ಹೋದಳು," ಎಂದ ಫಕ್ಕೀರಪ್ಪ. "ನಾನೇ ಮಗಳನ್ನು ಕೊಂದೆ ಎನ್ನುತ್ತಲೇ ಹೋದಳು."

ಭರಮಗೌಡ ಫೋಟೋಗಳ ಮುಂದೆ ನೆಲದ ಮೇಲೆ ಕುಳಿತ. "ನಾನು ಏನೂ ಕಂಡಿರಲಿಲ್ಲ ತಮ್ಮಾ. ಕಳೆ ಕೀಳುತ್ತಿದ್ದೆ. ತಲೆ ಬಗ್ಗಿಸಿದ್ದೆ. ನಿನ್ನ ಮಗಳು ನೇರವಾಗಿಯೇ ಹೋಗುತ್ತಿದ್ದಳಂತೆ."

ಫಕ್ಕೀರಪ್ಪ ಅವನನ್ನು ಬೈಯಲಿಲ್ಲ. ಹೊಡೆಯಲೂ ಇಲ್ಲ. ಹೆಂಡತಿಯ ಫೋಟೋದ ಕಡೆ ತಿರುಗಿದ.

"ಇದನ್ನು ಈಗ ನಾನು ಯಾರಿಗೆ ಹೇಳಲಿ?" ಎಂದ.

ಭರಮಗೌಡ ಊರಿಗೆ ಬಂದವನೇ ಚಹಾ ಅಂಗಡಿಯ ಮುಂದೆ ನಿಂತು, ತಾನು ಏನೂ ಕಂಡಿಲ್ಲ, ಹೇಳಿದ್ದೆಲ್ಲ ಸುಳ್ಳು ಎಂದು ಕೂಗಿ ಹೇಳಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಅತ್ತ ಹೋದಮೇಲೆ, ಯಾರೋ ದೊಡ್ಡವರು ಗೌಡನ ಬಾಯಿ ಮುಚ್ಚಿಸಿದ್ದಾರೆ ಎಂದು ಮಾತಾಡಿಕೊಂಡರು.

ಗುರುಗಳು ಕಥೆ ಮುಗಿಸಿದರು. ಶಿಷ್ಯನ ಕಣ್ಣು ತುಂಬಿತ್ತು. ಒರೆಸಿಕೊಂಡು ಕೇಳಿದ:

"ಗುರುಗಳೇ, ಹುಡುಗಿ ನೇರವಾಗಿ ಹೋಗುತ್ತಿದ್ದಳು ಎಂದಮೇಲೆ, ಹಳ್ಳದ ಆಚೆ ಬಿದ್ದ ವಿಮಾನದವನದ್ದೇ ತಪ್ಪಿರಬೇಕಲ್ಲವೇ?"

ಗುರುಗಳು ಮೊರವನ್ನು ಮತ್ತೆ ಕೈಗೆತ್ತಿಕೊಂಡರು.

"ಅವನ ತಾಯಿ ಇನ್ನೂ ಬದುಕಿದ್ದಾಳೆ."