ವರ್ಷದ ಹನ್ನೊಂದು ಮಂದಿ

ಹೊಳೆದಂಡೆಯ ಮೈದಾನಕ್ಕೆ ಬಂದಾಗಲೆಲ್ಲ ತನುಜಾ ಮೊದಲು ಗುರುವಿನ ಕಾಲು ಮುಟ್ಟುತ್ತಿದ್ದಳು. ಈ ಸಲ ನಾಲ್ಕು ಮಾರು ದೂರದಲ್ಲೇ ನಿಂತಳು.

ಗುರು ಕಾತ್ಯಾಯಿನಮ್ಮ ಅಲ್ಲಿ ನಲವತ್ತು ವರ್ಷದಿಂದ ಹೆಣ್ಣುಮಕ್ಕಳಿಗೆ ಕ್ರಿಕೆಟ್ ಕಲಿಸುತ್ತಿದ್ದವರು. ಅವರ ಕೈಯಲ್ಲಿ ಪಳಗಿದ ಇಬ್ಬರು ಈಗ ದೇಶಕ್ಕೆ ಆಡುತ್ತಿದ್ದರು. ಸ್ಪಿನ್ ಹಾಕುವ ತನುಜಾ ಒಬ್ಬಳು, ವಿಕೆಟ್ ಕೀಪರ್ ದೇಚಮ್ಮ ಇನ್ನೊಬ್ಬಳು.

"ಬಾ, ಮಜ್ಜಿಗೆ ಕುಡಿ," ಎಂದರು ಗುರು.

ಇದೇನು ಇವತ್ತು ಇಷ್ಟು ಉಪಚಾರ? ಗಿರಾಕಿ ಬಾಯಿ ಬಿಡುವ ಮೊದಲೇ ಅಂಗಡಿಯವನು ಕುರ್ಚಿ ಹಾಕಿದರೆ ಸರಕಿನಲ್ಲಿ ಹುಳುಕಿದೆ ಅಂತಲೇ ಅರ್ಥ. ತನುಜಾ ಲೋಟ ಮುಟ್ಟಲಿಲ್ಲ.

"ವರ್ಷದ ತಂಡ ಪ್ರಕಟವಾಯಿತು ಅಮ್ಮ. ಜಗತ್ತಿನ ಮಹಿಳಾ ಕ್ರಿಕೆಟ್‌ನಲ್ಲಿ ಶ್ರೇಷ್ಠ ಹನ್ನೊಂದು ಮಂದಿಯಂತೆ."

"ನೋಡಿದೆ."

"ದೇಚು ಇದ್ದಾಳೆ. ನಾನಿಲ್ಲ."

"ಅದನ್ನೂ ನೋಡಿದೆ."

"ಆರಿಸಿದ ಐವರಲ್ಲಿ ನೀವೂ ಒಬ್ಬರು."

"ಹೌದು."

"ಈ ವರ್ಷ ನಲವತ್ತೊಂದು ವಿಕೆಟ್ ತೆಗೆದಿದ್ದೀನಿ. ನನ್ನ ಹೆಸರು ಹೊಡೆದವರು ಯಾರು?"

"ಒಂದು ಮ್ಯಾಚೂ ಆಡದ ತಂಡ ಕಣೇ ಅದು. ಒಂದು ಟೋಪಿ, ಒಂದು ಫೋಟೊ. ಅಷ್ಟಕ್ಕೆ ಇಷ್ಟು ಉರಿಯೇ?"

"ಮಾತು ತೇಲಿಸಬೇಡಿ. ನೀವು ಅವಳ ಕಡೆ ಅಂತ ಎಲ್ಲರೂ ಹೇಳ್ತಾರೆ. ಮುಂದಿನ ಸರಣಿಗೆ ಬೇರೆ ಕೀಪರ್ ಬೇಕು ಅಂತ ಇವತ್ತೇ ಕ್ಯಾಪ್ಟನ್‌ಗೆ ಹೇಳ್ತೀನಿ. ಇನ್ನು ಈ ಕಡೆಗೂ ಬರೋದಿಲ್ಲ."

ಗುರು ಕಾಗದ, ಪೆನ್ಸಿಲ್ ಮುಂದೆ ತಳ್ಳಿದರು. "ಹೋಗೋ ಮುಂಚೆ ನಿನ್ನ ಹನ್ನೊಂದು ಬರೆದುಕೊಟ್ಟು ಹೋಗು."

ಇದರಲ್ಲೂ ಏನೋ ಮಸಲತ್ತಿದೆ ಅನ್ನಿಸಿತು. ಆದರೂ ಬರೆದಳು. ಹೊಡಿಬಡಿ ಬ್ಯಾಟರ್‌ಗಳು, ಬೆಂಕಿಯಂಥ ವೇಗಿಗಳು, ನಡುವೆ ದಪ್ಪಕ್ಷರದಲ್ಲಿ ತನ್ನ ಹೆಸರು. ದೇಚಮ್ಮನ ಹೆಸರು ನೆನಪಾದಾಗ ಹಲ್ಲು ಕಚ್ಚಿ ಮುಂದಕ್ಕೆ ಹೋದಳು.

ಗುರು ಓದಿದರು. "ಭಾರಿ ತಂಡ. ಏಳು, ಇದೇ ತಂಡದವಳಾಗಿ ಒಂದು ಓವರ್ ಹಾಕು."

ಅವರು ಸೆರಗು ಸಿಕ್ಕಿಸಿ, ಬ್ಯಾಟು ಹಿಡಿದು ಸ್ಟಂಪಿನ ಮುಂದೆ ನಿಂತರು. ಅವರ ಹಿಂದೆ ನೆಲ ಇಳಿಜಾರಾಗಿ ಸೀದಾ ಹೊಳೆಗೆ ಇಳಿದಿತ್ತು.

ಮೊದಲ ಚೆಂಡು ತೇಲಿ, ತಿರುಗಿ, ಬ್ಯಾಟನ್ನು ವಂಚಿಸಿ ನೀರಿಗೆ ಬಿತ್ತು.

"ತಗೊಂಡು ಬಾ."

ತನುಜಾ ಮೊಣಕಾಲುದ್ದ ನೀರಿಗಿಳಿದು ತಂದಳು.

ಎರಡನೆಯದಕ್ಕೆ ಗುರು ಎರಡು ಹೆಜ್ಜೆ ಮುಂದೆ ನುಗ್ಗಿ ಬೀಸಿದರು. ಚೆಂಡು ಸಿಗಲಿಲ್ಲ. ಸಂತೆಯಿಂದ ಮನೆಗೆ ಹೋಗುವವರಂತೆ ನಿಧಾನವಾಗಿ ಹಿಂದಿರುಗಿ ಬ್ಯಾಟನ್ನು ಕ್ರೀಸಿನೊಳಗೆ ಊರಿದರು.

"ಔಟಾದೆನೇನೇ?"

"ಇಲ್ಲ."

"ತಗೊಂಡು ಬಾ."

ಮೂರನೆಯದೂ ಹಾಗೇ. ನಾಲ್ಕನೆಯದಕ್ಕೆ ತನುಜಾ ಸೊಂಟದವರೆಗೆ ನೆನೆದಿದ್ದಳು.

"ಹಿಂದೆ ಯಾರೂ ಇಲ್ಲದೆ ಹೇಗಮ್ಮಾ ಬೌಲಿಂಗ್ ಮಾಡೋದು!"

"ನೀನು ಬರೆದ ಹನ್ನೊಂದರಲ್ಲಿ ಕೀಪರ್ ಎಲ್ಲಿದ್ದಾಳೆ? ನಿನ್ನ ನಲವತ್ತೊಂದರಲ್ಲಿ ದೇಚು ಹಿಡಿದದ್ದು, ಸ್ಟಂಪ್ ಮಾಡಿದ್ದು ಎಷ್ಟೇ?"

ತನುಜಾ ಒದ್ದೆ ಚೆಂಡನ್ನು ಅಂಗೈಯಲ್ಲಿ ತಿರುಗಿಸಿದಳು. "ಹತ್ತೊಂಬತ್ತು."

ಕಾಗದ ಎತ್ತಿಕೊಂಡು ತಾನು ಬರೆದ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ಕೊನೆಗೆ ಪೆನ್ಸಿಲ್ ತೆಗೆದುಕೊಂಡು ದೇಚಮ್ಮನ ಹೆಸರು ಸೇರಿಸಿದಳು. ಹನ್ನೆರಡಾಯಿತು. ಒಂದನ್ನು ಹೊಡೆಯಬೇಕು. ಪೆನ್ಸಿಲ್ ಎಲ್ಲೆಲ್ಲೋ ಅಲೆದು ದಪ್ಪಕ್ಷರದ ಹತ್ತಿರ ನಿಂತಿತು.

ಆದರೂ ಒಳಗಿನ ಹುಳು ಸತ್ತಿರಲಿಲ್ಲ.

"ಹಾಗಾದರೆ ನನ್ನ ಹೆಸರು ಹೊಡೆದದ್ದು ನೀವೇ ಅಂತಾಯಿತು."

ಕಾತ್ಯಾಯಿನಮ್ಮ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡರು.

"ನಾನು ಬರೆದುಕೊಟ್ಟ ಹನ್ನೊಂದರಲ್ಲಿ ನೀನಿದ್ದೆ, ಕೀಪರೇ ಇರಲಿಲ್ಲ. ಉಳಿದ ನಾಲ್ವರು ನಕ್ಕುಬಿಟ್ಟರು ಕಣೇ, ನಿನ್ನ ಹೆಸರು ಹೊಡೆದು ದೇಚುವನ್ನು ಸೇರಿಸಿದರು."